ಕಾಯಿಲೆ ಬರೀರಿ, ಜಾಗ ಬೇಡ

ಜೂನ್ 3

ಅಕ್ಕಾ,

ನಿನ್ನ ಕಾಗದ ತಲುಪಿತು. ಅದಕ್ಕಿಂತ ಮೊದಲು ಅದರ ಮೇಲಿನ ಜೈಲಿನ ಸೀಲು ತಲುಪಿತು. ನಮ್ಮ ಅಟೆಂಡರ್ ಕವರನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಬಂದು, ಬಾಗಿಲು ಮುಚ್ಚಿ, ದನಿ ತಗ್ಗಿಸಿ, "ಸಾರ್, ನಿಮ್ಮೋರು ಯಾರಾದ್ರೂ ಒಳಗಿದಾರಾ?" ಎಂದು ಕೇಳಿದ. ಮಧ್ಯಾಹ್ನದ ಹೊತ್ತಿಗೆ ಇಡೀ ಕ್ಲಿನಿಕ್ಕಿಗೆ ನನ್ನ ಮೇಲೆ ಕನಿಕರ ಹುಟ್ಟಿತ್ತು. ಲ್ಯಾಬಿನ ಹುಡುಗಿ "ಧೈರ್ಯವಾಗಿರಿ ಡಾಕ್ಟ್ರೇ, ಎಲ್ಲರ ಮನೇಲೂ ಒಂದೊಂದು ಇರುತ್ತೆ" ಎಂದು ಟೀ ತಂದುಕೊಟ್ಟಳು. ನಮ್ಮಕ್ಕ ಜೈಲಿನಲ್ಲಿರುವುದು ನಿಜ, ಆದರೆ ಡಾಕ್ಟರಾಗಿ ಇದ್ದಾಳೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ರೋಗಿಗಳು ಬಂದರು, ಹೇಳಲಾಗಲಿಲ್ಲ. ದಯವಿಟ್ಟು ಇನ್ನು ಮೇಲೆ ಸಾದಾ ಕವರಿನಲ್ಲಿ ಹಾಕು.

ಕ್ಲಿನಿಕ್ ಚೆನ್ನಾಗಿದೆ. ಕ್ಷಯರೋಗಿಗಳಿಗೆ ಗಾಳಿ ಆಡಲಿ ಎಂದು ಎದುರುಬದುರು ಕಿಟಕಿ, ವರಾಂಡದಲ್ಲಿ ಉದ್ದನೆಯ ಬೆಂಚು. ಬಾಗಿಲಿನ ಮೇಲೆ 'ವೈದ್ಯಾಧಿಕಾರಿ' ಎಂಬ ಬೋರ್ಡು. ಅದನ್ನು ದಿನಾ ಒಮ್ಮೆ ಓದಿಯೇ ಒಳಗೆ ಹೋಗುತ್ತೇನೆ, ನಗಬೇಡ.

ಒಂದು ದೂರು ಇದೆ. ನಿನ್ನ ಮೇಲಲ್ಲ, ಜೈಲಿನವರ ಮೇಲೆ. ಬಿಡುಗಡೆಯಾದವರು ಇಲ್ಲಿಗೆ ಬರುವಾಗ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ. ಒಳಗೆ ಯಾವ ಔಷಧ ಕೊಟ್ಟರು, ಎಷ್ಟು ತಿಂಗಳು ಕೊಟ್ಟರು, ಏನೂ ತಿಳಿಯದೆ ನಾವು ಅ ಆ ಇ ಈಯಿಂದ ಶುರು ಮಾಡಬೇಕು. ನಿಮ್ಮಲ್ಲಿ ಬರೆದುಕೊಡುವ ಅಭ್ಯಾಸವೇ ಇಲ್ಲವೇ?

ನಿನ್ನ
ಗುಂಡ

---

ಜೂನ್ 10

ಗುಂಡಾ,

ಬರೆಯುವ ಅಭ್ಯಾಸ ಇಲ್ಲವೇ ಎಂದು ಯಾರನ್ನು ಕೇಳುತ್ತಿದ್ದೀಯ? ನಿನ್ನ ಕೈ ಹಿಡಿದು ಅಕ್ಷರ ತಿದ್ದಿಸಿದವಳು ನಾನು. ನಿನ್ನ ಈಗಿನ ಕೈಬರಹ ನೋಡಿದರೆ ಆ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು ಎನಿಸುತ್ತದೆ, ಆ ಮಾತು ಬೇರೆ.

ನಮ್ಮ ಆಸ್ಪತ್ರೆಯಿಂದ ಯಾವ ರೋಗಿಯೂ ಬರಿಗೈಯಲ್ಲಿ ಹೊರಗೆ ಹೋಗುವುದಿಲ್ಲ. ಏನು ಕಾಯಿಲೆ, ಯಾವ ಔಷಧ ಹಿಡಿಯಿತು, ಯಾವುದು ಮೈಗೆ ಆಗಿಬರಲಿಲ್ಲ, ಇನ್ನೆಷ್ಟು ತಿಂಗಳು ಬೇಕು, ಎಲ್ಲವನ್ನೂ ಒಂದು ಹಾಳೆಯ ಮೇಲೆ ಮನುಷ್ಯರು ಓದುವಂತೆ ಬರೆದು, ಸೀಲು ಒತ್ತಿ, ಸಹಿ ಹಾಕಿ, ಅವರ ಕೈಗೇ ಕೊಡುತ್ತೇನೆ. ನಿಮಗೆ ಸಿಗದಿದ್ದರೆ ನಿಮ್ಮವರೇ ಕಸದ ಬುಟ್ಟಿಗೆ ಹಾಕಿರಬೇಕು. ಜೈಲಿನ ಹಾಳೆ ತಾನೇ ಎಂಬ ಅಸಡ್ಡೆ.

ನನ್ನ ಜೊತೆ ಓದಿದವರೆಲ್ಲ ದೊಡ್ಡ ದೊಡ್ಡ ಆಸ್ಪತ್ರೆಗಳಿಗೆ ಹೋದಾಗ ನಾನು ಈ ಗೋಡೆಯೊಳಗೆ ಬಂದೆ. ಬಂದದ್ದಕ್ಕೆ ಒಂದು ದಿನವೂ ಹಲುಬಿಲ್ಲ. ಇಲ್ಲಿ ಕ್ಷಯದ ಚಿಕಿತ್ಸೆ ಅರ್ಧಕ್ಕೆ ಬಿಟ್ಟವನು ಒಬ್ಬನೂ ಇಲ್ಲ. ಎದೆ ತಟ್ಟಿಕೊಂಡು ಹೇಳುತ್ತೇನೆ, ಬೋರ್ಡು ಹಾಕಿಕೊಂಡ ನಿನ್ನ ಕ್ಲಿನಿಕ್ಕಿನವರು ಹೇಳಲಿ ನೋಡೋಣ.

ಈ ವಾರ ನಿನ್ನ ಊರಿನವನೇ ಒಬ್ಬ ಬಿಡುಗಡೆಯಾದ. ಯಾರು, ಏನು ಕೆಲಸದವನು ಎಂದು ನಾನು ಹೇಳುವಂತಿಲ್ಲ. ಅವನ ಕಾಯಿಲೆ ಅವನ ಸ್ವಂತದ್ದು. ನನ್ನ ಹಾಳೆ ಹಿಡಿದುಕೊಂಡು ನೇರ ನಿನ್ನ ಬಳಿಗೆ ಬರುತ್ತಾನೆ. ಆಗ ನೋಡು, ಬರೆಯುವುದು ಎಂದರೆ ಏನು ಎಂದು.

ಸಾದಾ ಕವರಿನಲ್ಲೇ ಹಾಕಿದ್ದೇನೆ. ಸೀಲು ಕೈಗೆಟುಕುವಲ್ಲೇ ಇತ್ತು, ಒತ್ತಲಿಲ್ಲ. ಬೇಜಾರಾಯಿತು. ಅದನ್ನೂ ಹೇಳಿಬಿಡುತ್ತೇನೆ.

ಅಕ್ಕ

---

ಜೂನ್ 19

ಅಕ್ಕಾ,

ನಿನ್ನ ಮನುಷ್ಯ ಬರಲಿಲ್ಲ. ಹಾಳೆಯೂ ಬರಲಿಲ್ಲ. ನಾನು ಗೆದ್ದೆ ಎಂದು ಹೇಳುವುದಿಲ್ಲ, ಆದರೆ ಮೀಸೆಯಡಿಯಲ್ಲಿ ನಗುತ್ತಿದ್ದೇನೆ ಎಂದು ತಿಳಿದುಕೋ.

ಬಂದವನು ಬೇರೆ ಒಬ್ಬ ದರ್ಜಿ. ಬಲು ಮರ್ಯಾದಸ್ಥ. ದೂರದ ಊರಿನ ಬಟ್ಟೆ ಕಾರ್ಖಾನೆಯಲ್ಲಿದ್ದನಂತೆ, ಮಗಳು ಹೈಸ್ಕೂಲು ಸೇರಿದಳೆಂದು ಮರಳಿ ಬಂದಿದ್ದಾನೆ. ಎಕ್ಸ್‌ರೇಯಲ್ಲಿ ಕ್ಷಯದ ಕಲೆ ಎದ್ದು ಕಾಣುತ್ತಿತ್ತು.

"ಹಿಂದೆ ಯಾವಾಗಾದ್ರೂ ಇದಕ್ಕೆ ಮಾತ್ರೆ ತಗೊಂಡಿದ್ರಾ?"

"ಇಲ್ಲ ಡಾಕ್ಟ್ರೇ, ಇದೇ ಮೊದಲು."

ಸರಿ, ಎಲ್ಲರಿಗೂ ಕೊಡುವ ಹಾಗೆ ನಾಲ್ಕು ಔಷಧ ಸೇರಿದ ಮಾತ್ರೆ ಶುರು ಮಾಡಿದೆ. ನಮ್ಮಲ್ಲಿ ನರ್ಸಮ್ಮನ ಎದುರೇ ನುಂಗಬೇಕು. ಬೇರೆಯವರು ನುಂಗಿ, ಮುಖ ಹುಳ್ಳಗೆ ಮಾಡಿಕೊಂಡು ಹೊರಡುತ್ತಾರೆ. ಇವನು ಮಾತ್ರ ನೆಟ್ಟಗೆ ನಿಂತು, ಬಾಯಿ ಅಗಲಿಸಿ, ನಾಲಗೆ ಮೇಲೆತ್ತಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ತೋರಿಸುತ್ತಾನೆ. ಯಾರೂ ಕೇಳಿರುವುದಿಲ್ಲ! ನರ್ಸಮ್ಮ "ಸಾಕಪ್ಪಾ, ಹಲ್ಲಿನ ಡಾಕ್ಟ್ರು ಇಲ್ಲಿ ಕೂರಲ್ಲ" ಎಂದರೂ ಮರುದಿನ ಮತ್ತೆ ಅದೇ ಕವಾಯತು. ಇಷ್ಟು ಶಿಸ್ತಿನ ರೋಗಿ ಎಲ್ಲರಿಗೂ ಸಿಗುವುದಿಲ್ಲ. ಒಂದು ಮಾತ್ರೆಯನ್ನೂ ಬಿಡುವವನಲ್ಲ. ಎರಡು ದಿನದಿಂದ ಊಟ ಸೇರುತ್ತಿಲ್ಲ, ವಾಕರಿಕೆ ಎನ್ನುತ್ತಾನೆ. ಮೊದಮೊದಲು ಹಾಗೇ ಆಗುತ್ತದೆ ಎಂದು ಸಮಾಧಾನ ಹೇಳಿದ್ದೇನೆ.

ಗುಂಡ

---

ಜೂನ್ 24

ಗುಂಡಾ,

ನಿನ್ನೆ ಫೋನಿನಲ್ಲಿ ಅಷ್ಟು ಜೋರಾಗಿ ಕಿರುಚಿದ್ದಕ್ಕೆ ನಿನ್ನ ಕಿವಿಯ ಕ್ಷಮೆ ಕೇಳುತ್ತೇನೆ. ನಿನ್ನದನ್ನಲ್ಲ.

ನಿನ್ನ ಕಾಗದ ಓದುತ್ತ ನಗುತ್ತಿದ್ದವಳು 'ನಾಲಗೆ ಮೇಲೆತ್ತಿ' ಎಂಬಲ್ಲಿಗೆ ಬಂದು ತಣ್ಣಗಾದೆ. ನಾವು ಮೊಬೈಲನ್ನು ಗೇಟಿನಲ್ಲಿ ಒಪ್ಪಿಸಿ ಒಳಗೆ ಬರಬೇಕಲ್ಲ, ಅಲ್ಲಿಯವರೆಗೆ ಹೋಗುವಷ್ಟು ತಾಳ್ಮೆ ಇರಲಿಲ್ಲ. ಸೂಪರಿಂಟೆಂಡೆಂಟರ ಕಚೇರಿಗೆ ನುಗ್ಗಿ ಮೇಜಿನ ಮೇಲಿನ ಫೋನೇ ಎತ್ತಿಕೊಂಡೆ. ಗುಮಾಸ್ತರೆಲ್ಲ ಪೆನ್ನು ಕೆಳಗಿಟ್ಟು ಕೇಳಿದರು. ಗಡಿಬಿಡಿಯಲ್ಲಿ ನಾನು ಹೇಳಿದ್ದು ನಿನಗೆ ಅರ್ಧ ಅರ್ಥವಾಯಿತೋ ಇಲ್ಲವೋ, ಈಗ ಪೂರ್ತಿ ಕೇಳು.

ಇಲ್ಲಿ ಮಾತ್ರೆಯನ್ನು ನಾಲಗೆಯಡಿ ಬಚ್ಚಿಟ್ಟುಕೊಂಡು ಹೋಗಿ ಬೀಡಿಗೋ ಸೋಪಿಗೋ ಬದಲಾಯಿಸಿಕೊಳ್ಳುವವರಿದ್ದಾರೆ. ಅದಕ್ಕೇ ನುಂಗಿದ ಮೇಲೆ ಪ್ರತಿಯೊಬ್ಬನೂ ಬಾಯಿ ತೆರೆದು ನಾಲಗೆ ಎತ್ತಬೇಕು, ವಾರ್ಡರ್ ಟಾರ್ಚು ಬಿಟ್ಟು ನೋಡುತ್ತಾನೆ. ತಿಂಗಳುಗಟ್ಟಲೆ ಮಾಡಿದ ಮೇಲೆ ಅದು ಮೈಗೆ ಹತ್ತಿಬಿಡುತ್ತದೆ. ನಿನ್ನ ಶಿಸ್ತಿನ ದರ್ಜಿಯೇ ನನ್ನ ಮನುಷ್ಯ. ನಮ್ಮ ಹೊಲಿಗೆ ವಿಭಾಗದ ಮೇಸ್ತ್ರಿ ಅವನು.

ಆ ನಾಲ್ಕು ಔಷಧಗಳಲ್ಲಿ ಪೈರಜಿನಮೈಡ್ ಅವನ ಲಿವರಿಗೆ ವಿಷ. ಇಲ್ಲಿ ಅದನ್ನು ಕೊಟ್ಟಾಗ ಕಾಮಾಲೆ ಏರಿ, ಉಳಿಯುತ್ತಾನೋ ಇಲ್ಲವೋ ಎಂಬಂತಾಗಿತ್ತು. ಎಲ್ಲ ನಿಲ್ಲಿಸಿ, ಒಂದೊಂದೇ ಔಷಧ ಕೊಟ್ಟು ನೋಡಿ, ಕಳ್ಳನನ್ನು ಹಿಡಿದು ಹೊರಗಿಟ್ಟು, ಉಳಿದವನ್ನು ಬಿಡಿಬಿಡಿಯಾಗಿ ಕೊಡುತ್ತಿದ್ದೆ. ಇದೆಲ್ಲ ಹಾಳೆಯಲ್ಲಿದೆ. ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದಿದ್ದೇನೆ. ಆ ಹಾಳೆ ಏನಾಯಿತು? ಅವನು ಯಾಕೆ ಸುಳ್ಳು ಹೇಳಿದ? ಎರಡನೇ ಸಲ ಅವನ ಲಿವರ್ ತಡೆಯುವುದಿಲ್ಲ ಗುಂಡಾ. ಹೇಗಿದ್ದಾನೆ, ಕೂಡಲೇ ಬರಿ.

ಇಲ್ಲಿ ಎಲ್ಲ ಆರಾಮ.

ಅಕ್ಕ

---

ಜುಲೈ 2

ಗುಂಡಾ,

ಉತ್ತರವಿಲ್ಲ. ಗದರಿದೆನೆಂದು ಮುನಿಸೇ? ಡಾಕ್ಟರ್ ಸಾಹೇಬರಿಗೆ ಚಿಕ್ಕಂದಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಕೋಪವನ್ನು ಆಮೇಲೆ ಮಾಡು, ಅವನ ಸುದ್ದಿ ಮೊದಲು ಬರಿ.

ನನ್ನ ಹಾಳೆ ಏನಾಯಿತೆಂದು ನನಗೆ ತಿಳಿಯಿತು. ನಮ್ಮ ಗೇಟಿನ ಎದುರಿನ ಬಸ್ ನಿಲ್ದಾಣದ ಪಕ್ಕ ಒಂದು ಚರಂಡಿ ಇದೆ. ದಿನಾ ಮೂಗು ಮುಚ್ಚಿಕೊಂಡು ದಾಟುತ್ತೇನೆ, ಬಗ್ಗಿ ನೋಡಿದ್ದಿಲ್ಲ. ನಿನ್ನೆ ಬಸ್ಸು ತಡವಾಯಿತು, ನೋಡಿದೆ. ನನ್ನ ಕೈಬರಹ! ಒಂದಲ್ಲ ಎರಡಲ್ಲ, ಹರಿದವು, ಮುದುಡಿದವು, ನೀರಲ್ಲಿ ನೆಂದವು. ಅಲ್ಲಿ ಟೀ ಮಾರುವವಳು ನನ್ನ ಮುಖ ನೋಡಿ ನಕ್ಕಳು.

"ಅಯ್ಯೋ ಮೇಡಮ್ಮೋರೇ, ಹೊರಗೆ ಬಂದೋರು ಮೊದಲು ಮಾಡೋ ಕೆಲಸಾನೇ ಅದು. ಆ ಸೀಲಿರೋದನ್ನ ಯಾರು ಮನೆಗೆ ತಗೊಂಡು ಹೋಗ್ತಾರೆ?"

ಬಸ್ಸಿನಲ್ಲಿ ಕೂತು ಯೋಚಿಸಿದೆ. ಬರೇ ಒಂದು ಕವರಿನ ಮೇಲೆ ಆ ಸೀಲು ಬಂದದ್ದಕ್ಕೆ ನನ್ನ ಸ್ವಂತ ತಮ್ಮ, ಡಾಕ್ಟರು, ಬೇಡ ಎಂದ. ಹೈಸ್ಕೂಲು ಓದುವ ಮಗಳಿರುವವನು ಅದನ್ನು ಜೇಬಿನಲ್ಲಿಟ್ಟುಕೊಂಡು ಮನೆಯ ಹೊಸಿಲು ದಾಟುತ್ತಾನೆಯೇ? ನಾನು ಬರೆದೆ ಬರೆದೆ ಎಂದು ಬೀಗುತ್ತಿದ್ದೆ. ನೀನು ಬರಲಿಲ್ಲ ಬರಲಿಲ್ಲ ಎಂದು ಬೈಯುತ್ತಿದ್ದೆ. ನಡುವೆ ಚರಂಡಿ ಇತ್ತು.

ಅವನು ಬದುಕಿದ್ದಾನೆಯೇ? ಅಷ್ಟನ್ನಾದರೂ ಹೇಳು.

ಅಕ್ಕ

---

ಜುಲೈ 9

ಅಕ್ಕಾ,

ಬದುಕಿದ್ದಾನೆ. ಮೊದಲು ಅದನ್ನು ಓದಿ ನೀರು ಕುಡಿ. ಮುನಿಸಲ್ಲ, ನಿನಗೆ ಬರೆಯಲು ಮುಖ ಇರಲಿಲ್ಲ.

ನೀನು ಫೋನಿಟ್ಟ ತಕ್ಷಣ ವರಾಂಡಕ್ಕೆ ಓಡಿದೆ. ಬೆಂಚಿನ ತುಂಬ ಜನ, ನಡುವೆ ಅವನು. ಕಣ್ಣನ್ನು ಬೆಳಕಿಗೆ ತಿರುಗಿಸಿ ನೋಡಿದರೆ ಅರಿಸಿನ. ಗಾಬರಿಯಲ್ಲಿ, "ಜೈಲಲ್ಲೇ ಈ ಮಾತ್ರೆ ನಿಮಗೆ ಆಗಲ್ಲ ಅಂದಿದ್ರಂತಲ್ರೀ, ಯಾಕೆ ಹೇಳಲಿಲ್ಲ?" ಎಂದುಬಿಟ್ಟೆ. ಇಡೀ ಬೆಂಚು ತಿರುಗಿ ನೋಡಿತು. ಅವನು ನಿಧಾನವಾಗಿ ಎದ್ದ. "ತಾವು ನನ್ನನ್ನ ಬೇರೆ ಯಾರೋ ಅಂದ್ಕೊಂಡಿದೀರಿ" ಎಂದು ಕೈ ಮುಗಿದು ಮೆಟ್ಟಿಲಿಳಿದು ಹೋದ. ಹಿಂದೆ ಓಡಿದೆ, ಸಿಗಲಿಲ್ಲ. ಕೊಟ್ಟಿದ್ದ ಹೆಸರು, ವಿಳಾಸ ಎರಡೂ ಸುಳ್ಳು. ರಜೆಯ ದಿನಗಳಿಗೆಂದು ನಾವೇ ಕೊಟ್ಟಿದ್ದ ಮಾತ್ರೆಯ ಪೊಟ್ಟಣ ಅವನ ಜೇಬಿನಲ್ಲಿತ್ತು. ಒಂದು ಮಾತ್ರೆಯನ್ನೂ ಬಿಡುವವನಲ್ಲ ಎಂದು ನಿನಗೆ ಹೆಮ್ಮೆಯಿಂದ ಬರೆದಿದ್ದೆನಲ್ಲ, ಈಗ ಅದೇ ಮಾತು ನನ್ನ ಎದೆಗೆ ಒದೆಯತೊಡಗಿತು.

ನಿನ್ನಿಂದ ನಿಜವಾದ ಹೆಸರು ಕೇಳಿ, ಅದನ್ನು ಹಿಡಿದು ಹುಡುಕಿದರೆ ಮತ್ತೆ ಅವನ ಮರ್ಯಾದೆ ಬೀದಿಗೆ. ಗೊತ್ತಿದ್ದದ್ದು ಅವನು ದರ್ಜಿ ಎಂಬುದೊಂದೇ. ನನ್ನ ಬಿಳಿ ಕೋಟಿನ ಜೇಬನ್ನು ಪರ್ರನೆ ಹರಿದುಕೊಂಡೆ. ಒಂದು ಅಂಗಡಿಗೆ ಹೋಗಿ ಹೊಲಿಸಿಕೊಂಡು, ಒಳಗೆಲ್ಲ ಕಣ್ಣಾಡಿಸಿ, ಹೊರಗೆ ಬಂದು ಮತ್ತೆ ಹರಿದುಕೊಂಡು ಮುಂದಿನ ಅಂಗಡಿಗೆ. ಈ ಊರಿನಲ್ಲಿ ಇಷ್ಟೊಂದು ದರ್ಜಿಗಳಿದ್ದಾರೆಂದು ನನಗೇನು ಗೊತ್ತು! ಮೂರನೇ ದಿನಕ್ಕೆ ದರ್ಜಿಗಳೆಲ್ಲ ನನಗೆ ತಲೆ ಕೆಟ್ಟಿದೆ ಎಂದು ಮಾತಾಡಿಕೊಳ್ಳುತ್ತಿದ್ದರಂತೆ.

ಕೊನೆಗೆ ಮಾರುಕಟ್ಟೆಯ ಹಿಂದಿನ ಓಣಿಯ ಮೂಲೆ ಅಂಗಡಿ. ಗೋಡೆಗೆ ಮುಖ ಮಾಡಿ ಹೊಲಿಯುತ್ತಿದ್ದ. ಮಾಲೀಕ, "ಏನ್ ಡಾಕ್ಟ್ರೇ, ಜೇಬಲ್ಲಿ ಕಲ್ಲು ಇಟ್ಕೋತೀರಾ?" ಎಂದ. ನಾನು ನಕ್ಕು, ಕೋಟನ್ನು ನಮ್ಮ ದರ್ಜಿಯ ಮಿಷಿನ್ನಿನ ಮೇಲೆಯೇ ಇಟ್ಟು ಬಂದೆ. ಇನ್ನೊಂದು ಜೇಬಿನಲ್ಲಿ ಚೀಟಿ ಇಟ್ಟಿದ್ದೆ: 'ಆ ಮಾತ್ರೆ ಮುಟ್ಟಬೇಡಿ. ಹಿಂದಿನ ಬಾಗಿಲಿಗೆ ಬನ್ನಿ. ತಪ್ಪು ನನ್ನದು.'

ಮರುದಿನ ಬೆಳಿಗ್ಗೆ ಹಿಂದಿನ ಬಾಗಿಲಿನಲ್ಲಿ ಅವನು. ಇಸ್ತ್ರಿ ಮಾಡಿದ ಕೋಟು ತೋಳಿನ ಮೇಲೆ. "ಇನ್ನು ಹರಿಯಲ್ಲ ಡಾಕ್ಟ್ರೇ, ಎರಡು ಹೊಲಿಗೆ ಹಾಕಿದೀನಿ" ಎಂದವನೇ ಅಲ್ಲೇ ಕುಸಿದು ಕೂತ. ದೊಡ್ಡಾಸ್ಪತ್ರೆಗೆ ನಾನೇ ಜೊತೆಯಲ್ಲಿ ಹೋಗಿ ಸೇರಿಸಿದೆ. ಇವತ್ತು ಅನ್ನ ಕೇಳಿದನಂತೆ. ನೀನು ಹೇಳಿದ ಹಾಗೆಯೇ, ಲಿವರ್ ಸುಧಾರಿಸಿದ ಮೇಲೆ ಕಳ್ಳನನ್ನು ಬಿಟ್ಟು ಉಳಿದವನ್ನು ಒಂದೊಂದೇ ಶುರು ಮಾಡುತ್ತೇನೆ.

ಗುಂಡ

---

ಜುಲೈ 15

ಗುಂಡಾ,

ಬೆಂಚಿನ ಎದುರು ನೀನಾಡಿದ ಮಾತಿಗೆ ಕಿವಿ ಹಿಂಡಬೇಕು. ಕೋಟು ಹರಿದುಕೊಂಡು ಓಣಿ ಓಣಿ ಅಲೆದದ್ದಕ್ಕೆ ಬೆನ್ನು ತಟ್ಟಬೇಕು. ಇಲ್ಲಿಂದ ಎರಡೂ ಆಗದು. ಆದರೆ ಇದನ್ನು ಬರೆದೇ ಹೇಳುತ್ತೇನೆ: ಮೂರು ದಿನ ಹುಚ್ಚನೆನಿಸಿಕೊಂಡು ರೋಗಿಯ ಮಾನ ಕಾದವನು ನನ್ನ ತಮ್ಮ. ನನಗೆ ಹೆಮ್ಮೆಯಾಯಿತು. ವಾರ್ಡಿನಲ್ಲಿ ಯಾರಿಗೂ ಹೇಳದೆ ಎರಡು ಸಲ ಓದಿಕೊಂಡೆ.

ಇನ್ನು ಮೇಲೆ ಹಾಳೆ ಕೈದಿಯ ಕೈಗೆ ಬೇಡ. ಅವನ ಒಪ್ಪಿಗೆ ಕೇಳಿ, ಅವನು ಹೊರಗೆ ಕಾಲಿಡುವ ಮೊದಲೇ, ನಮ್ಮ ಆಸ್ಪತ್ರೆಯಿಂದ ನಿಮ್ಮ ಕ್ಲಿನಿಕ್ಕಿಗೆ ನೇರ ಹೋಗಲಿ. ಈ ಮಾತು ಹಿಡಿದು ಸೂಪರಿಂಟೆಂಡೆಂಟರ ಬಳಿಗೆ ಹೋದೆ.

"ಗೇಟು ದಾಟಿದ ಮೇಲೆ ಅವನು ನಮ್ಮ ಜವಾಬ್ದಾರಿ ಅಲ್ಲ ಡಾಕ್ಟ್ರೇ."

"ಕೆಮ್ಮು ಗೇಟಲ್ಲೇ ನಿಂತ್ಕೊಳ್ಳುತ್ತಾ ಸಾರ್?"

"ಇದೆಲ್ಲ ರೂಲಿನಲ್ಲಿ ಇಲ್ಲ."

"ಬೇಡ ಅಂತಲೂ ಇಲ್ಲವಲ್ಲ."

ಫೈಲು ಎಳೆದುಕೊಂಡು ನೋಡುವವರಂತೆ ನಟಿಸಿದರು. ಒಪ್ಪಿಲ್ಲ. ಒಪ್ಪದೆ ಎಲ್ಲಿಗೆ ಹೋಗುತ್ತಾರೆ, ನಾಳೆಯೂ ಹೋಗುತ್ತೇನೆ.

ಇಲ್ಲಿ ಎಲ್ಲ ಆರಾಮ.

ಅಕ್ಕ

---

ಜುಲೈ 24

ಅಕ್ಕಾ,

'ಇಲ್ಲಿ ಎಲ್ಲ ಆರಾಮ'! ಎರಡೆರಡು ಸಲ ಬರೆದೆಯಲ್ಲ, ನಿನಗೆ ನಾಚಿಕೆಯಾಗುವುದಿಲ್ಲವೇ?

ನಿನ್ನೆ ನಿಮ್ಮ ಕಚೇರಿಯಿಂದ ನನಗೆ ಪತ್ರ ಬಂತು. ಕೈದಿಯ ಗುಟ್ಟನ್ನು ಫೋನಿನಲ್ಲಿ ಹೊರಗೆ ಹಾಕಿದ ವೈದ್ಯೆಗೆ ನೋಟಿಸು ಕೊಟ್ಟು ತಿಂಗಳಾಗುತ್ತ ಬಂತಂತೆ. ಸಸ್ಪೆಂಡ್ ಮಾಡುವ ಮುನ್ನ, ಫೋನು ಕೇಳಿಸಿಕೊಂಡವನ ಹೇಳಿಕೆ ಬೇಕಂತೆ. ನೌಕರಿ ಹೋಗುವ ಹೊತ್ತಿನಲ್ಲಿ ನೀನು ನನ್ನ ಬೆನ್ನು ತಟ್ಟುತ್ತ ಕೂತಿದ್ದೀಯ!

ನನ್ನ ಹೇಳಿಕೆ ಬರೆದೆ. ಆದರೆ ಗುಟ್ಟು ನಿನ್ನದೂ ಅಲ್ಲ, ನನ್ನದೂ ಅಲ್ಲ. ಆದ್ದರಿಂದ, ದೊಡ್ಡಾಸ್ಪತ್ರೆಯಿಂದ ಮನೆಗೆ ಮರಳಿದ್ದ ದರ್ಜಿಯನ್ನು ಒಳಗೆ ಕರೆದು, ಬಾಗಿಲು ಹಾಕಿ, ಪತ್ರ ತೋರಿಸಿದೆ. ಅವನು ಬೇಡ ಎಂದಿದ್ದರೂ ನಾನು ಒತ್ತಾಯ ಮಾಡುತ್ತಿರಲಿಲ್ಲ. ಓದಿ, ಮಡಚಿ ಮೇಜಿನ ಮೇಲಿಟ್ಟ.

"ಆ ಡಾಕ್ಟ್ರಮ್ಮ ಸುಮ್ಮನಿದ್ದಿದ್ರೆ ನಾನು ಇವತ್ತು ಇರ್ತಿದ್ನಾ? ಕೊಡಿ ಪೆನ್ನು."

ತಾನೇ ಬರೆದ. ನನ್ನ ಜೀವ ಉಳಿಸಲೆಂದು ಹೇಳಿದ್ದಾರೆ, ಅದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ, ಎಂದು. ಕೆಳಗೆ ತನ್ನ ನಿಜವಾದ ಹೆಸರು, ನಿಜವಾದ ವಿಳಾಸ. ಅಕ್ಷರ ನೆಟ್ಟಗಿತ್ತು. ಬಾಗಿಲಿನವರೆಗೆ ಹೋದವನು ತಿರುಗಿ ನಿಂತ.

"ಮುಂದೆ ಬರೋರಿಗೆ ಒಂದು ಉಪಕಾರ ಮಾಡಿ ಡಾಕ್ಟ್ರೇ. ಕಾಯಿಲೆ ಬರೀರಿ, ಜಾಗ ಬೇಡ. ನಾನು ಯಾವ ಮಾತ್ರೆ ತಿಂದೆ ಅಂತ ನಿಮಗೆ ಗೊತ್ತಾಗ್ಲಿ. ಎಲ್ಲಿ ಕೂತು ತಿಂದೆ ಅಂತ ಬೆಂಚಿಗೆ ಯಾಕೆ ಗೊತ್ತಾಗ್ಬೇಕು?"

ನಾವಿಬ್ಬರೂ ಇಷ್ಟು ಓದಿದೆವಲ್ಲ ಅಕ್ಕಾ, ಈ ಮಾತನ್ನು ರೋಗಿಗಳನ್ನೇ ಒಮ್ಮೆ ಕೇಳಬಹುದಿತ್ತು.

ಎರಡು ಹೇಳಿಕೆಗಳನ್ನೂ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ.

ಗುಂಡ

---

ಆಗಸ್ಟ್ 20

ಗುಂಡಾ,

ನೋಟಿಸು ವಾಪಸಾಯಿತು. ದರ್ಜಿಯ ಕಾಗದ ಓದಿ ಸೂಪರಿಂಟೆಂಡೆಂಟರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಗಂಟಲು ಸರಿಮಾಡಿಕೊಂಡು, "ನಿಮ್ಮ ಆ ಹಾಳೆ ವಿಷಯ, ಮಾಡಿ ನೋಡಿ" ಎಂದರು. ಈಗ ಮೇಲಿನವರು ಬಂದಾಗ 'ನಮ್ಮ ಯೋಜನೆ' ಎಂದು ಅವರೇ ತೋರಿಸುತ್ತಾರೆ. ತೋರಿಸಲಿ, ಕೆಲಸ ಆದರೆ ಸರಿ.

ಹಾಳೆಗೆ ಹೊಸ ರೂಪ ಕೊಟ್ಟಿದ್ದೇನೆ. ಮೇಲೆ ಬರೀ 'ಆರೋಗ್ಯ ಸೇವೆ'. ನನ್ನ ಸಹಿ, ನೋಂದಣಿ ಸಂಖ್ಯೆ. ಜೈಲಿನ ಹೆಸರಿಲ್ಲ, ಅಪರಾಧವಿಲ್ಲ, ಸೀಲಿಲ್ಲ. ಒಬ್ಬೊಬ್ಬರನ್ನೂ ಪಕ್ಕಕ್ಕೆ ಕರೆದು ಕೇಳುತ್ತೇನೆ. ಮೊದಲನೆಯವನು "ಬೇಡ" ಎಂದ. ಕಳಿಸಿಬಿಡೋಣ ಎನಿಸಿತು, ಆದರೂ ಕಳಿಸಲಿಲ್ಲ. ಎರಡನೆಯವನು ಕಳಿಸಿ ಎಂದ. ಮೂರು ದಿನ ಬಿಟ್ಟು ಮೊದಲನೆಯವನೇ ಬಂದು, "ಜಾಗ ಬರೆಯಲ್ಲ ಅಂತ ಹೇಳಿದ್ರಲ್ಲ, ನಿಜಾನಾ?" ಎಂದು ಕೇಳಿ, ಹಾಳೆ ಓದಿಸಿಕೊಂಡು, ಒಪ್ಪಿದ.

ಈಗ ಚರಂಡಿ ಖಾಲಿ. ದಿನಾ ಬಗ್ಗಿ ನೋಡುತ್ತೇನೆ. ಟೀ ಮಾರುವವಳಿಗೆ ನನಗೂ ಹುಚ್ಚು ಹಿಡಿದಿದೆ ಎನಿಸಿರಬೇಕು. ವಂಶದಲ್ಲೇ ಇದೆ ಎಂದು ಹೇಳಿದ್ದೇನೆ.

ಅಕ್ಕ

---

ಮಾರ್ಚ್ 12

ಅಕ್ಕಾ,

ಇವತ್ತು ದರ್ಜಿಯ ಕೊನೆಯ ಮಾತ್ರೆ. ಕಫ ಶುದ್ಧ, ಎದೆ ಶುದ್ಧ, ಲಿವರಂತೂ ನನ್ನದಕ್ಕಿಂತ ಚೆನ್ನಾಗಿದೆ. ಹೊಸ ಅಂಗಿ ಹಾಕಿಕೊಂಡು, ಮುಂದಿನ ಬಾಗಿಲಿನಿಂದಲೇ ಬಂದಿದ್ದ. ಜೊತೆಗೆ ಮಗಳು. ಅವಳಿಗೆ ಎಲ್ಲವನ್ನೂ ತಾನೇ ಹೇಳಿದನಂತೆ. ಯಾವಾಗ ಹೇಳಿದ, ಅವಳು ಏನೆಂದಳು, ನಾನು ಕೇಳಲಿಲ್ಲ.

ಮಾತ್ರೆ ಬಾಯಿಗೆ ಹಾಕಿಕೊಂಡ, ನೀರು ಕುಡಿದ. ನಾನೂ ನರ್ಸಮ್ಮನೂ ಅಭ್ಯಾಸಬಲದಿಂದ ಅವನ ಬಾಯಿಯನ್ನೇ ನೋಡುತ್ತ ನಿಂತೆವು. ಅವನು ಲೋಟ ಕೆಳಗಿಟ್ಟು, ತುಟಿ ಒರೆಸಿಕೊಂಡು, ಸುಮ್ಮನೆ ನಿಂತ. ಬಾಯಿ ತೆರೆಯಲಿಲ್ಲ.

ನರ್ಸಮ್ಮ ತಡೆಯಲಾರದೆ, "ತೋರಿಸಲ್ವಾ?" ಎಂದಳು.

"ನಂಬಿಕೆ ಇಲ್ವಾ ಅಮ್ಮಾ?" ಎಂದು ನಕ್ಕ.

ನಾನು ಅವನ ಚೀಟಿಯ ಮೇಲೆ 'ಪೂರ್ತಿ ಗುಣ' ಎಂದು ಬರೆದುಕೊಟ್ಟೆ ಅಕ್ಕಾ. ಅವರು ಹೋದ ಮೇಲೆ ಅಟೆಂಡರ್ ನಿನ್ನ ಸಾದಾ ಕವರು ತಂದುಕೊಟ್ಟ. ನಿನ್ನ ಕೈಬರಹ ಅವನಿಗೆ ಈಗ ಪರಿಚಯ. ಪಾಪ, ದನಿ ತಗ್ಗಿಸಿ, "ಸಾರ್, ಒಳಗಿರೋರು ಇನ್ನೂ ಬಿಡುಗಡೆ ಆಗ್ಲಿಲ್ವಾ?" ಎಂದು ಕೇಳಿದ. ನಾನು ವರಾಂಡಕ್ಕೆ ಬಂದು, ಬೆಂಚಿಗೆಲ್ಲ ಕೇಳುವ ಹಾಗೆ ಹೇಳಿದೆ: "ನಮ್ಮಕ್ಕ ಕಣಯ್ಯಾ. ಅಲ್ಲಿ ಡಾಕ್ಟ್ರು. ಅವಳು ಬಿಡುಗಡೆ ಕೇಳೋಳಲ್ಲ."

ರೋಗಿಗಳ ಹಾಳೆ ಸಾದಾ ಕವರಿನಲ್ಲೇ ಬರಲಿ, ಅದು ಅವರ ಹಕ್ಕು. ನನ್ನ ಕಾಗದಕ್ಕೆ ಸೀಲು ಹಾಕು. ನನಗೆ ಅದು ಬೇಕು.

ಗುಂಡ

---

ಮಾರ್ಚ್ 19

ಗುಂಡಾ,

'ಬಾಯಿ ತೆರೆಯಲಿಲ್ಲ' ಎಂಬ ಸಾಲನ್ನು ಬೆಳಿಗ್ಗೆ ಮಾತ್ರೆಯ ಸಾಲಿನಲ್ಲಿ ನಿಂತ ಎಲ್ಲರಿಗೂ ಓದಿ ಹೇಳಿದೆ. ಯಾರ ವಿಷಯವೆಂದು ಹೇಳಲಿಲ್ಲ. ಟಾರ್ಚು ಹಿಡಿದಿದ್ದ ವಾರ್ಡರ್ ಕೂಡ ಒಂದು ಗಳಿಗೆ ದೀಪ ಆರಿಸಿ ಕೇಳಿದ.

ಕವರು ನೋಡಿದೆಯಲ್ಲ? ಮುಂದೆ ಒಂದು, ಹಿಂದೆ ಒಂದು. ಶಾಯಿ ಜಾಸ್ತಿಯಾಗಿದ್ದರೆ ಅಟೆಂಡರಿಗೆ ಹೇಳು, ಕೈ ಒರೆಸಿಕೊಳ್ಳಲಿ.

ನಿನ್ನ ಅಕ್ಕ,
ಜೈಲಿನ ಡಾಕ್ಟರು